ತೋಂಟದ ಸಿದ್ಧಲಿಂಗ ಶಿವಯೋಗಿಗಳ ಮೌನನಿಷ್ಠೆ

ಮಹಾತ್ಮರಾದವರಿಗೆ ಹೆಸರು ನಿಲ್ಲುವ ಬಗೆಯು ನಾನಾವಿಧವಾಗಿರುವುದು. ಕೆಲವರಿಗೆ ಹುಟ್ಟಿದ ಊರಿನಿಂದಲೂ, ಕೆಲವರಿಗೆ ಏರಿದ ಪೀಠದಿಂದಲೂ, ಮತ್ತೆ ಕೆಲವರಿಗೆ ವಾದದಲ್ಲಿ ಗೆದ್ದುಕೊಂಡ ಬಿರುದಿನಿಂದಲೂ ಹೆಸರು ಬರುವುದುಂಟು. ಶ್ರೀ ಸಿದ್ಧಲಿಂಗ ಶಿವಯೋಗಿಗಳಿಗಾದರೋ ಜನ್ಮಭೂಮಿಯಾದ ಹರದನಹಳ್ಳಿಯಿಂದ ಹೆಸರು ಬರಲಿಲ್ಲ. ಗುರುದತ್ತವಾದ ಗೋಸಲ ಪೀಠದಿಂದಲೂ ಬರಲಿಲ್ಲ. 701 ವಚನಗಳ ಮಹಾಗ್ರಂಥವನ್ನು ರಚಿಸಿದವರಾದರೂ ಆ ಗ್ರಂಥದಿಂದಲೂ ಬರಲಿಲ್ಲ. ಒಂದಾನೊಂದು ತೋಟದೊಳಗೆ ಯಾರೊಡನೆಯೂ ಒಂದು ಮಾತನ್ನಾದರೂ ಆಡದೆ ಬಹುಕಾಲ ಕುಳಿತಿದ್ದರೆಂಬ ಒಂದೇ ಕಾರಣದಿಂದ ಲೋಕವು ಅವರನ್ನು ತೋಂಟದ ಸಿದ್ಧಲಿಂಗರೆಂದು ಕರೆಯಿತು. ಆಡಿದ ಮಾತಿನಿಂದ ಹೆಸರಾದವರು ನಾಡಿನಲ್ಲಿ ಬಹುಮಂದಿ ಇರುವರು. ಆಡದೆ ಇದ್ದುದರಿಂದ ಹೆಸರಾದವರು ವಿರಳ. ಕ್ಯಾತ್ಸಂದ್ರದ ಸಮೀಪದಲ್ಲಿರುವ ಸಿದ್ಧಗಂಗೆಯ ಬೆಟ್ಟದ ಮೇಲೆ ಪೂಜೆಗೊಳ್ಳುತ್ತಿರುವ ಸಿದ್ಧಲಿಂಗೇಶ್ವರನೂ, ಕುಣಿಗಲು ಸೀಮೆಯ ಎಡೆಯೂರಿನ ಗದ್ದುಗೆಯ ಒಡೆಯನೂ ಈ ಮಹಾನುಭಾವರೇ ಆಗಿರುವರು.

ಇವರು 15ನೆಯ ಶತಮಾನದ ಉತ್ತರಾರ್ಧದಿಂದ 16ನೆಯ ಶತಮಾನದವರೆಗಿನ ಅವಧಿಗೆ ಸಂದವರು; ಆಗ ಕರ್ಣಾಟಕವು ವಿಜಯನಗರದ ಅರಸರ ಆಳಿಕೆಗೆ ಒಳಪಟ್ಟಿದ್ದಿತು. ಹರದನಹಳ್ಳಿಯು ಈಗಿನ ಚಾಮರಾಜನಗರದ ಸೀಮೆಗೆ ಸೇರಿದ ಗ್ರಾಮ. ಅಲ್ಲಿ ಮಲ್ಲಿಕಾರ್ಜುನನೆಂಬ ಶಿವಭಕ್ತನಿಗೂ ಜ್ಞಾನಾಂಬೆಗೂ ಪುತ್ರರಾಗಿ ಇವರು ಅವತರಿಸಿದರೆಂದು ಸಂಪ್ರದಾಯವು ಹೇಳುವುದು. ಬಾಲ್ಯದಲ್ಲಿಯೇ ಗೋಸಲ ಚೆನ್ನಬಸವೇಶ್ವರರ ಕರಕಮಲದಲ್ಲಿ ಬೆಳೆದು, ಅವರಿಂದಲೇ ದೀಕ್ಷೆಯನ್ನು ಪಡೆದು, ಷಟ್‌ಸ್ಥಲದ ಮರ್ಮವನ್ನು ಅವರ ಸನ್ನಿಧಿಯಲ್ಲಿ ಅರಿತುಕೊಂಡರು. ಇವರ ಚರಿತೆಯನ್ನು 16ನೆಯ ಶತಮಾನದ ನಡುಗಾಲದಲ್ಲಿ ಶಾಂತೇಶನೂ ವಿರಕ್ತ ತೋಂಟದಾರ್ಯನೂ ಪ್ರತ್ಯೇಕವಾಗಿ ಪುರಾಣರೂಪದಲ್ಲಿ ಹಾಡಿದರು. ಪುರಾಣಗಳೆಂದಮೇಲೆ ಮಹಿಮೆಗಳ ವರ್ಣನೆಯು ಹೇರಳವಾಗಿರುವುದು ಸಹಜವೇ. ಆದರೆ ಆ ಮಹಿಮೆಗಳ ನಡುವೆ ನಿಧಾನವಾಗಿ ನೋಡುವವರಿಗೆ ಬೇರೊಂದು ಸಂಗತಿಯು ಗೋಚರವಾಗುವುದು.

ಗುರುವಿನ ಸನ್ನಿಧಿಯಲ್ಲಿ ಶಿಷ್ಯನು ಮೊದಲು ಕಲಿಯುವುದು ಮಾತನ್ನಲ್ಲ, ಕಿವಿಗೊಡುವುದನ್ನು. ದೀಕ್ಷಾಕಾಲದಲ್ಲಿ ಗುರುವು ಮಂತ್ರವನ್ನು ಕಿವಿಯಲ್ಲಿ ಉಸುರುವನಲ್ಲದೆ ಸಭೆಯಲ್ಲಿ ಕೂಗಿ ಹೇಳುವುದಿಲ್ಲ. ಆ ಮಂತ್ರದ ಜಪವಾದರೂ ವಾಚಿಕ, ಉಪಾಂಶು, ಮಾನಸ ಎಂದು ಮೂರು ಪ್ರಕಾರವಾಗಿರುವುದು. ಪರರ ಕಿವಿಗೆ ಕೇಳಿಸುವಂತೆ ಉಚ್ಚರಿಸುವುದು ವಾಚಿಕ. ತುಟಿಗಳು ಅಲುಗುತ್ತಿದ್ದರೂ ಶಬ್ದವು ಹೊರಬೀಳದಂತೆ ಮಾಡುವುದು ಉಪಾಂಶು. ತುಟಿಯೂ ನಾಲಗೆಯೂ ಅಲುಗದೆ ಮನಸ್ಸಿನಲ್ಲಿಯೇ ಮಂತ್ರವು ನಡೆಯುವುದು ಮಾನಸ. ಇವುಗಳಲ್ಲಿ ಒಂದಕ್ಕಿಂತ ಒಂದು ಮೇಲೆಂದೂ, ಮಾನಸವೇ ಎಲ್ಲಕ್ಕೂ ಮಿಗಿಲೆಂದೂ ಶಾಸ್ತ್ರಕಾರರು ವಿಧಿಸಿರುವರು. ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನೆಡುವಾಗಲೂ ಕಡೆಗೆ ಉಳಿಯುವುದು ಮೌನವೇ. ಹೀಗೆ ಸದ್ದಿನಿಂದ ಸದ್ದಿಲ್ಲದುದರ ಕಡೆಗೆ ಸಾಗುವ ಮಾರ್ಗವು ಗುರುಮನೆಯ ಹುಡುಗರೆಲ್ಲರಿಗೂ ತೋರಿಸಲ್ಪಡುವುದಾದರೂ, ಅದರ ಕೊನೆಯವರೆಗೆ ನಡೆಯುವವರು ಬಹಳ ಮಂದಿ ಇರುವುದಿಲ್ಲ. ಸಿದ್ಧಲಿಂಗರು ನಡೆದರು.

ಅವರು ಬೆಳೆದ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕಾಗಿರುವುದು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಆಡಿದ ವಚನಗಳು ವಿಪ್ಲವದ ದೆಸೆಯಿಂದ ದಿಕ್ಕುದಿಕ್ಕಿಗೆ ಚೆದರಿಹೋಗಿದ್ದುವು. ಅವುಗಳನ್ನು ಓಲೆಯಿಂದ ಓಲೆಗೆ ಹುಡುಕಿ ಕೂಡಿಸುವ ಮಹಾಕಾರ್ಯವು ಪ್ರೌಢದೇವರಾಯನ ಆಳಿಕೆಯಲ್ಲಿ, ಅಂದರೆ 1424ರಿಂದ 1446ರವರೆಗಿನ ಅವಧಿಯಲ್ಲಿ, ಬಲವಾಗಿ ನಡೆಯಿತು. ಆ ಅರಸನ ದಂಡನಾಯಕನಾದ ಲಕ್ಕಣ್ಣನು ಶಿವತತ್ತ್ವಚಿಂತಾಮಣಿಯನ್ನು ಬರೆದನು. ಜಕ್ಕಣಾರ್ಯನು ನೂರೊಂದುಸ್ಥಲದ ಕ್ರಮವನ್ನು ಹೊಂದಿಸಿದನು. ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ನೂರೊಂದು ವಿರಕ್ತರು ಆ ಕಾಲದಲ್ಲಿ ಇದ್ದರೆಂಬುದು ಪ್ರಸಿದ್ಧವಾಗಿಯೇ ಇದೆ. ಇವೆಲ್ಲವೂ ಪರಮೋಪಕಾರಗಳೇ ಸರಿ. ಆ ಪುಣ್ಯಾತ್ಮರು ಇಲ್ಲದಿದ್ದರೆ ಶರಣರ ನುಡಿಗಳಲ್ಲಿ ಎಷ್ಟೋ ಭಾಗವು ಗೆದ್ದಲಿಗೆ ಆಹಾರವಾಗಿ ಹೋಗುತ್ತಿದ್ದಿತು. ಆದರೆ ಹಿರಿಯರ ನುಡಿಯು ಸುಲಭವಾಗಿ ಕೈಗೆ ದೊರೆತಾಗ ಅದರ ಬೆನ್ನಿಗೇ ಒಂದು ಅಪಾಯವೂ ಬರುವುದುಂಟು. ನುಡಿಯು ನಾಲಗೆಯ ಮೇಲೆ ನೆಲೆಯೂರಿ ನಡೆಗೆ ಇಳಿಯದೆ ನಿಂತುಬಿಡುವುದೇ ಆ ಅಪಾಯ. ಶರಣರ ಮಾತನ್ನು ಸಾವಿರ ಸಲ ಹೇಳಬಲ್ಲವನು ಶರಣನೇ ಆದನೆಂದು ತಾನೂ ಭ್ರಮಿಸಬಹುದು, ಕೇಳುವವರೂ ಭ್ರಮಿಸಬಹುದು. ಈ ರೋಗವು ಯಾವ ಕಾಲಕ್ಕೂ ಹೊಸದಲ್ಲ, ಯಾವ ಕಾಲದಲ್ಲಿಯೂ ತೀರಿದುದಲ್ಲ.

ಇಂತಹ ಕಾಲದಲ್ಲಿ ಸಿದ್ಧಲಿಂಗರು ಗುರುವಿನ ಅನುಜ್ಞೆಯಿಂದ ಶಿಷ್ಯಸಮೂಹದೊಡನೆ ದೇಶಸಂಚಾರವನ್ನು ಕೈಕೊಂಡರು. ಅವರ ಸಂಗಡ 701 ಮಂದಿ ಚರಮೂರ್ತಿಗಳು ಇದ್ದರೆಂದು ಪರಂಪರೆಯು ಹೇಳುವುದು. ಪಾಂಡಿತ್ಯವೂ ಪೀಠವೂ ಪರಿವಾರವೂ ಇದ್ದ ಯತಿಗೆ ಉಪದೇಶಮಾಡುವುದಕ್ಕೆ ಸಭೆಗಳ ಕೊರತೆಯಿರಲಿಲ್ಲ. ಹೋದಲ್ಲೆಲ್ಲಾ ಕೇಳುವವರು ಸಿದ್ಧರಾಗಿಯೇ ಇರುತ್ತಿದ್ದರು. ಅಂಥವರು ಸಂಚಾರಕ್ರಮದಲ್ಲಿ ಕುಣಿಗಲು ಸೀಮೆಯ ಕಗ್ಗೆರೆಗೆ ಬಂದರು.

ಕಗ್ಗೆರೆಯು ನಾಗಿನೀ ನದಿಯ ತಡಿಯಲ್ಲಿರುವ ಸಣ್ಣ ಊರು. ಅಲ್ಲಿ ನಂಬಿಯಣ್ಣನೆಂಬ ಭಕ್ತನು ಯತಿಗಳನ್ನು ಕಂಡು, ತನ್ನಲ್ಲಿ ಪೂಜೆಯನ್ನು ಸ್ವೀಕರಿಸಬೇಕೆಂದು ಭಿನ್ನವಿಸಿಕೊಂಡನು. ಯತಿಗಳು ಒಪ್ಪಿಕೊಂಡು ಅವನ ತೋಟದಲ್ಲಿ ಕುಳಿತರು. ನಂಬಿಯಣ್ಣನು ಅವರನ್ನು ಅಲ್ಲಿ ಬಿಟ್ಟು ಮನೆಗೆ ಹೋದವನು ಸಂಸಾರದ ಜಂಜಡದಲ್ಲಿ ಸಿಲುಕಿ ತಾನು ಯತಿಗಳನ್ನು ತೋಟದಲ್ಲಿ ಕುಳ್ಳಿರಿಸಿಬಂದ ಸಂಗತಿಯನ್ನೇ ಮರೆತನು. ಯತಿಗಳು ಲಿಂಗದಲ್ಲಿ ಮನವನ್ನು ನಿಲಿಸಿ ಕುಳಿತವರು ಕುಳಿತೇ ಇದ್ದರು. ದಿನಗಳು ಹೋದುವು, ತಿಂಗಳುಗಳು ಹೋದುವು. ಹನ್ನೆರಡು ವರ್ಷಗಳು ಕಳೆದುವೆಂದು ಹೇಳುವರು. ಅವರ ಸುತ್ತ ಹುತ್ತವು ಬೆಳೆಯಿತು. ಹಸುವೊಂದು ದಿನವೂ ಬಂದು ಆ ಹುತ್ತದ ಮೇಲೆ ಹಾಲನ್ನು ಕರೆದು ಹೋಗುತ್ತಿದ್ದಿತು. ಕೊಟ್ಟಿಗೆಯಲ್ಲಿ ಹಾಲು ಕಾಣದಾದಾಗ ಹಸುವಿನ ಜಾಡನ್ನು ಹಿಡಿದು ಬಂದವರು ಈ ಅದ್ಭುತವನ್ನು ಕಂಡರು. ಹುತ್ತವು ಕರಗಿದಾಗ ಒಳಗೆ ಶಿವಯೋಗಿಗಳು ಸಮಾಧಿಸ್ಥರಾಗಿ ಇದ್ದರು. ಆಗ ನಂಬಿಯಣ್ಣನಿಗೆ ತಾನು ಮರೆತುದು ನೆನಪಾಯಿತು.

ಈ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಹುತ್ತವನ್ನೂ ಹಾಲನ್ನೂ ಹೆಚ್ಚಾಗಿ ವರ್ಣಿಸುವರು. ಜಾತ್ರೆಯ ಪಟಗಳಲ್ಲಿ ಬರೆಯುವುದೂ ಅದನ್ನೇ. ಭಕ್ತರಿಗೆ ಅದು ಪ್ರಿಯವಾದುದು, ಆಗಲಿ. ಆದರೆ ಅದಕ್ಕಿಂತಲೂ ಕಠಿನವಾದ ಸಂಗತಿಯೊಂದು ಈ ಕಥೆಯ ಮೊದಲಿನಲ್ಲಿಯೇ ಇರುವುದು. ಅದರ ಕಡೆಗೆ ದೃಷ್ಟಿಯು ಅಷ್ಟಾಗಿ ಹರಿಯುವುದಿಲ್ಲ. ನಂಬಿಯಣ್ಣನು ಬಾರದೆ ಹೋದ ಮೊದಲ ದಿನವನ್ನು ಕುರಿತು ಯೋಚಿಸಬೇಕು. ಅಂದು ಹುತ್ತವಿರಲಿಲ್ಲ, ಹಸುವೂ ಬಂದಿರಲಿಲ್ಲ, ಮಹಿಮೆ ಎಂಬುದಾವುದೂ ಇರಲಿಲ್ಲ. ಆಹ್ವಾನವನ್ನು ಕೊಟ್ಟವನು ಮರೆತಿದ್ದನು, ಆಹ್ವಾನಿತರಾದ ಯತಿಗಳು ಕುಳಿತಿದ್ದರು, ಅಷ್ಟೇ. ಸಾಮಾನ್ಯನಾದವನು ಇಂತಹ ಸಮಯದಲ್ಲಿ ಏನು ಮಾಡುವನೆಂಬುದು ಎಲ್ಲರಿಗೂ ತಿಳಿದ ಮಾತು. ಸಂಜೆಯವರೆಗೆ ಕಾದು, ಆಮೇಲೆ ಒಬ್ಬನನ್ನು ಕಳುಹಿಸಿ ಜ್ಞಾಪಿಸುವನು. ಅಥವಾ ಎದ್ದುಹೋಗಿ ಮುಂದಿನ ಊರಿನಲ್ಲಿ ಈ ಊರಿನ ಭಕ್ತಿಯ ಬಗೆಯನ್ನು ಹೇಳುವನು. ಗುರುಸ್ಥಾನದಲ್ಲಿ ಇರುವವರಿಗೆ ಆದ ಅಲಕ್ಷ್ಯವು ಚಿಕ್ಕದಾದರೂ ಪರಿವಾರದ ಬಾಯಲ್ಲಿ ದೊಡ್ಡದಾಗುವುದು. ಒಂದು ಮನೆಯ ಮರೆವು ಒಂದು ಊರಿನ ಅಪರಾಧವಾಗಿ, ಊರಿಗೂ ಮಠಕ್ಕೂ ತಲೆಮಾರುಗಳ ಮನಸ್ತಾಪವಾಗಿ ಪರಿಣಮಿಸಿದ ಉದಾಹರಣೆಗಳು ಇಲ್ಲದಿಲ್ಲ. ಸಿದ್ಧಲಿಂಗರು ಜ್ಞಾಪಿಸಲಿಲ್ಲ, ದೂರಲಿಲ್ಲ, ಶಪಿಸಲಿಲ್ಲ. ಹೊರಗೆ ಮಾತಾಡದಿದ್ದುದು ಒತ್ತಟ್ಟಿಗಿರಲಿ, ಮನಸ್ಸಿನೊಳಗೂ ಆ ಮಾತು ಹುಟ್ಟಲಿಲ್ಲವೆಂಬುದೇ ಇಲ್ಲಿ ಮುಖ್ಯ. ಒಳಗೆ ದೂರು ಕುದಿಯುತ್ತಿದ್ದರೆ ಹನ್ನೆರಡು ವರ್ಷ ಹಾಗಿರಲಿ, ಹನ್ನೆರಡು ಘಳಿಗೆಯಾದರೂ ಚಿತ್ತವು ಲಿಂಗದಲ್ಲಿ ನಿಲ್ಲುತ್ತಿರಲಿಲ್ಲ.

ಮೌನಗಳಲ್ಲಿಯೂ ಭೇದವಿರುವುದನ್ನು ಯೋಗವಾಸಿಷ್ಠದಲ್ಲಿ ನಿರೂಪಿಸಿದೆ. ಬಾಯಿಯ ಮಾತನ್ನು ಮಾತ್ರ ಕಟ್ಟುವುದು ವಾಙ್ಮೌನ. ಇಂದ್ರಿಯಗಳನ್ನು ಹಟದಿಂದ ನಿಗ್ರಹಿಸುವುದು ಅಕ್ಷಮೌನ. ದೇಹದ ಚೇಷ್ಟೆಯನ್ನೆಲ್ಲಾ ಬಿಟ್ಟು ಕಟ್ಟಿಗೆಯಂತೆ ಇರುವುದು ಕಾಷ್ಠಮೌನ. ಇವು ಮೂರಕ್ಕೂ ಮೇಲಾಗಿ, ಎಚ್ಚರದಲ್ಲಿದ್ದೂ ಒಳಗೆ ಅಲೆಯೇಳದಂತಹ ಜೀವನ್ಮುಕ್ತನ ಸ್ಥಿತಿಯು ಸುಷುಪ್ತಮೌನ. ಈ ಭೇದವನ್ನು ಅರಿಯದೆ ವ್ರತವನ್ನು ಹಿಡಿಯುವವರ ಅವಸ್ಥೆಯು ಒಂದೊಂದು ವೇಳೆ ನಗೆಗೀಡಾಗುವುದು. ಮೌನವೆಂದು ಸಂಕಲ್ಪಮಾಡಿದವನು ಬೇಕಾದುದನ್ನೆಲ್ಲಾ ಹಲಗೆಯ ಮೇಲೆ ಬರೆದು ತೋರಿಸುವನು. ಬರೆದುದು ಸಾಲದೆ ಹೋದರೆ ಕೈಸನ್ನೆ, ಅದೂ ಸಾಲದಿದ್ದರೆ ಹುಬ್ಬಿನ ಗಂಟು. ಹೂಂಕಾರಕ್ಕಂತೂ ಲೆಕ್ಕವೇ ಇಲ್ಲ. ವ್ರತವು ಮುಗಿದ ದಿನ ಒಂದು ತಿಂಗಳಿನ ಮಾತನ್ನು ಒಂದೇ ಹಗಲಿನಲ್ಲಿ ತೀರಿಸುವುದನ್ನೂ ಕಾಣಬಹುದು. ಕಗ್ಗೆರೆಯ ತೋಟದ ಮೌನವು ಈ ಜಾತಿಯದಲ್ಲ. ಅದಕ್ಕೆ ಸಂಕಲ್ಪವಿದ್ದಂತೆ ಕಾಣುವುದಿಲ್ಲ, ಅವಧಿಯ ನಿಯಮವೂ ಇದ್ದಂತಿಲ್ಲ. ಬಂದುದನ್ನು ಬಂದಂತೆ ಅಂಗೀಕರಿಸಿ ಅದನ್ನೇ ಯೋಗಸಾಧನವನ್ನಾಗಿ ಮಾಡಿಕೊಂಡುದು ಅದರ ವಿಶೇಷ. ಒಬ್ಬನ ಮರೆವು ಇನ್ನೊಬ್ಬರ ತಪಸ್ಸಾಯಿತು.

ನಂಬಿಯಣ್ಣನ ವಿಷಯದಲ್ಲಿಯೂ ಎರಡು ಮಾತು ಹೇಳಬೇಕಾಗಿದೆ. ಅವನು ದುಷ್ಟನಲ್ಲ, ಅಭಕ್ತನೂ ಅಲ್ಲ. ಭಕ್ತಿಯಿಂದಲೇ ಕರೆದನು. ಕರೆಯುವ ಮಾತು ಅವನ ಬಾಯಿಂದ ಬೇಗ ಬಂದಿತು. ಅದನ್ನು ನಡೆಯಿಸುವ ಜ್ಞಾಪಕವು ಹಿಂದೆ ಉಳಿಯಿತು. ಮಾತು ಕೊಡುವುದು ಸುಲಭವೆಂದೇ ಜನರು ಹೆಚ್ಚಾಗಿ ಮಾತು ಕೊಡುವರು; ಕೊಟ್ಟ ಮಾತೆಲ್ಲಾ ಯಾರದೋ ತೋಟದಲ್ಲಿ ಕಾದು ಕುಳಿತಿರುವುದೆಂಬುದು ಅವರ ಗಮನಕ್ಕೆ ಬರುವುದಿಲ್ಲ. ಹುತ್ತದೊಳಗಿಂದ ಯತಿಗಳು ಹೊರಬಂದಾಗ ನಂಬಿಯಣ್ಣನ ಮೇಲೆ ಒಂದು ಕಟುನುಡಿಯನ್ನು ಆಡಿದ್ದರೆ ಅವನಿಗೆ ಒಂದು ವಿಧದ ಸಮಾಧಾನವಾದರೂ ಆಗುತ್ತಿದ್ದಿತು. ಬೈಗುಳನ್ನು ಕೇಳಿದವನಿಗೆ ಋಣವು ತೀರಿದಂತೆ ತೋರುವುದು. ಆ ನುಡಿಯು ಬರಲಿಲ್ಲ. ಅವನ ತೋಟದ ಹೆಸರೇ ಗುರುವಿನ ಹೆಸರಿನಲ್ಲಿ ಸೇರಿಹೋಯಿತು. ಅಂದಿನಿಂದ ತೋಂಟದ ಸಿದ್ಧಲಿಂಗರೆಂದು ಹೇಳುವವರೆಲ್ಲರೂ, ತಿಳಿದೋ ತಿಳಿಯದೆಯೋ, ನಂಬಿಯಣ್ಣನ ಮರೆವನ್ನೂ ಗುರುವಿನ ಕ್ಷಮೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದಂತಾಗುವುದು.

ಮೌನವೇ ಪರಮವೆಂದಾದಮೇಲೆ ಇವರು 701 ವಚನಗಳನ್ನು ಹೇಳಿದುದೇಕೆ ಎಂದು ಕೆಲವರಿಗೆ ಶಂಕೆಯುಂಟಾಗಬಹುದು. ಆ ಶಂಕೆಯು ಯುಕ್ತವಾದುದೇ. ಮಾತನ್ನು ಸರ್ವಥಾ ಬಿಡುವುದೇ ಮೌನವೆಂದು ತಿಳಿದರೆ ಶಂಕೆಗೆ ಪರಿಹಾರವಿಲ್ಲ. ಕೆರೆಯ ಏರಿಯನ್ನು ಕಟ್ಟುವುದು ನೀರನ್ನು ಹಿಡಿದಿಡುವುದಕ್ಕೆ. ಆದರೆ ಅದೇ ಏರಿಯಲ್ಲಿ ತೂಬನ್ನೂ ಇರಿಸುವರು. ಏರಿಯಿಲ್ಲದ ಕೆರೆಯಲ್ಲಿ ತೂಬಿಗೆ ಕೆಲಸವಿಲ್ಲ. ತೂಬಿಲ್ಲದ ಕೆರೆಯಿಂದ ಗದ್ದೆಗೆ ಪ್ರಯೋಜನವಿಲ್ಲ. ಸಿದ್ಧಲಿಂಗರ ವಚನಗಳು ತುಂಬಿದ ಕೆರೆಯ ತೂಬಿನಿಂದ ಬಂದ ನೀರಿನಂತೆ ಅಳತೆಯಲ್ಲಿ ಬಂದುವು. ಷಟ್‌ಸ್ಥಲ ಜ್ಞಾನಸಾರಾಮೃತವೆಂಬ ಆ ಗ್ರಂಥವು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳ ತತ್ತ್ವವನ್ನು ಕ್ರಮವಾಗಿ ಬೋಧಿಸುವುದು. ಅದರ ಅಂಕಿತವು ಮಹಾಲಿಂಗಗುರು ಶಿವಸಿದ್ಧೇಶ್ವರಪ್ರಭು ಎಂಬುದು. ಬಸವಾದಿ ಪ್ರಮಥರ ಕಾಲವು ಕಳೆದು ಮುನ್ನೂರು ವರ್ಷಗಳ ಮೇಲೆ, ಸಂಗ್ರಹವೂ ವ್ಯಾಖ್ಯಾನವೂ ಹೆಚ್ಚಾಗಿ ಹೊಸ ವಚನವು ಕ್ಷೀಣವಾಗಿದ್ದ ಹೊತ್ತಿನಲ್ಲಿ, ಆ ಪ್ರಾಚೀನ ವಾಣಿಯು ಮತ್ತೆ ಹೊಸದಾಗಿ ಹರಿದುದು ಈ ಮೌನಿಯ ಬಾಯಿಂದ ಎಂಬುದು ವಿಚಾರಮಾಡತಕ್ಕ ವಿಷಯ.

ಗ್ರಂಥದ ಕ್ರಮದಲ್ಲಿಯೇ ಮಾತಿಗೂ ಮೌನಕ್ಕೂ ಇರುವ ಸಂಬಂಧವು ತೋರುವುದು. ಭಕ್ತಸ್ಥಲದಲ್ಲಿ ಇರುವವನಿಗೆ ಹೇಳಬೇಕಾದುದು ಬಹಳ: ಆಚಾರ, ನಿಯಮ, ಗುರುಲಿಂಗಜಂಗಮರ ಸೇವೆ. ಮಹೇಶನಿಗೆ ನಿಷ್ಠೆಯನ್ನು ಹೇಳಬೇಕು, ಪ್ರಸಾದಿಗೆ ಅರ್ಪಣದ ಎಚ್ಚರವನ್ನು ಹೇಳಬೇಕು. ಮೇಲುಮೇಲಕ್ಕೆ ಹೋದಂತೆಲ್ಲಾ ಹೇಳುವವನಿಗೂ ಕೇಳುವವನಿಗೂ ಇರುವ ಅಂತರವು ಕಿರಿದಾಗುತ್ತಾ ಬಂದು, ಐಕ್ಯಸ್ಥಲದಲ್ಲಿ ಅಂಗವು ಲಿಂಗದಲ್ಲಿ ಬೆರೆತಮೇಲೆ ಯಾರು ಯಾರಿಗೆ ಹೇಳಬೇಕು? ಆರನೆಯ ಮೆಟ್ಟಲಿನಲ್ಲಿ ಮಾತು ತಾನಾಗಿಯೇ ನಿಲ್ಲುವುದು. ಮೊದಲನೆಯ ಮೆಟ್ಟಲಿನಲ್ಲಿಯೇ ನಿಂತು ಆರನೆಯದರ ಮೌನವನ್ನು ನಟಿಸುವುದು ಎಷ್ಟು ತಪ್ಪೋ, ಆರನೆಯದರ ಮಾತನ್ನು ಮೊದಲನೆಯದರಲ್ಲಿ ನಿಂತು ಆಡುವುದೂ ಅಷ್ಟೇ ತಪ್ಪು. ಇವರ ವಚನಗಳ ಸಂಖ್ಯೆಯೂ ಇವರೊಡನೆ ಸಂಚರಿಸಿದ ಚರಮೂರ್ತಿಗಳ ಸಂಖ್ಯೆಯೂ ಒಂದೇ ಆಗಿರುವುದನ್ನು ಭಕ್ತರು ಸಂತೋಷದಿಂದ ಹೇಳಿಕೊಳ್ಳುವರು. ಅದು ಹೇಗೇ ಇರಲಿ, ಆ ಗ್ರಂಥದ ವಿಷಯವು ಷಟ್‌ಸ್ಥಲವೇ ಹೊರತು ತೋಟದ ತಪಸ್ಸಿನ ಕಥನವಲ್ಲ. ತಮ್ಮ ಮಹಿಮೆಯನ್ನು ಹಾಡುವ ಕೆಲಸವನ್ನು ಅವರು ಶಾಂತೇಶಾದಿ ಕವಿಗಳಿಗೆ ಬಿಟ್ಟರು.

ಶಿಷ್ಯರನ್ನು ತಿದ್ದಿದುದರಲ್ಲಿಯೂ ಈ ಗುಣವೇ ಫಲಿಸಿತು. ಇವರ ಕರಕಮಲಸಂಜಾತರಲ್ಲಿ ಬೋಳಬಸವೇಶ್ವರರು ಪ್ರಮುಖರು. ಆ ಬೋಳಬಸವೇಶ್ವರರ ಶಿಷ್ಯರಾದ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿ ಜೋಡಿಸಿದರು. ಗೂಳೂರು ತುಮಕೂರಿಗೆ ಸಮೀಪದ ಗ್ರಾಮವೇ. ಅಲ್ಲಮಪ್ರಭುವಿಗೂ ಶರಣರಿಗೂ ನಡೆದ ಸಂವಾದಗಳಿಂದ ತುಂಬಿದ ಆ ಮಹಾಗ್ರಂಥದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ, ಉತ್ತರದ ಮೇಲೆ ಉತ್ತರ ಬರುವುದು. ಆದರೂ ಸಂಪಾದಿಸಬೇಕಾದುದು ಶೂನ್ಯವೆಂದು ಅದರ ಹೆಸರೇ ಸಾರುತ್ತಿದೆ. ತೋಟದಲ್ಲಿ ಮಾತಿಲ್ಲದೆ ಕುಳಿತ ಗುರುವಿನ ಪ್ರಶಿಷ್ಯರಿಂದ ಕನ್ನಡದ ಅತಿಶ್ರೇಷ್ಠವಾದ ಸಂವಾದಗ್ರಂಥವು ಈ ರೂಪವನ್ನು ಪಡೆದುದು ಸೋಜಿಗವಾಗಿ ತೋರಬಹುದು. ಉತ್ತರದಿಕ್ಕಿನಲ್ಲಿ ಡಂಬಳ-ಗದಗಿನ ಮಠವೂ ತೋಂಟದಾರ್ಯರ ಹೆಸರನ್ನೇ ಹೊತ್ತು ಈ ಪರಂಪರೆಯನ್ನು ಬೆಳಗಿಸಿತು.

ಸಿದ್ಧಗಂಗೆಯ ಬೆಟ್ಟದ ಕಥೆಯೂ ಇಲ್ಲಿ ಸ್ಮರಣೀಯವಾದುದು. ಬೆಟ್ಟದ ಗವಿಗಳಲ್ಲಿ ವಿರಕ್ತರು ತಪಸ್ಸು ಮಾಡುತ್ತಿದ್ದಾಗ ಅವರಲ್ಲಿ ವೃದ್ಧನೊಬ್ಬನು ನೀರಡಿಕೆಯಿಂದ ಕಂಗೆಟ್ಟನು. ಆಗ ಗುರುವು ಬಂಡೆಗೆ ಮೊಣಕಾಲನ್ನು ತಾಗಿಸಲು ಗಂಗೆಯು ಚಿಮ್ಮಿತು. ಅದರಿಂದ ಕ್ಷೇತ್ರಕ್ಕೆ ಸಿದ್ಧಗಂಗೆಯೆಂಬ ಹೆಸರಾಯಿತು. ಈ ಮಹಿಮೆಯನ್ನು ಗೋಸಲ ಸಿದ್ಧೇಶ್ವರರದೆಂದು ಕೆಲವರೂ, ಸಿದ್ಧಲಿಂಗರದೆಂದು ಕೆಲವರೂ ಹೇಳುವರು. ಪರಂಪರೆಯು ಒಂದೇ ಆಗಿರುವಲ್ಲಿ ಈ ವಿವಾದಕ್ಕೆ ಹೆಚ್ಚಿನ ಬೆಲೆಯಿಲ್ಲ. ಬಾಯಾರಿದವನ ಮುಂದೆ ತಿತಿಕ್ಷೆಯನ್ನು ಕುರಿತು ಪ್ರವಚನಮಾಡುವುದಕ್ಕೆ ಗುರುವಿಗೆ ಅವಕಾಶವಿದ್ದಿತು; ತಾಳ್ಮೆಯೇ ತಪಸ್ಸೆಂದು ಹೇಳಬಹುದಾಗಿದ್ದಿತು. ಗುರುವು ಅದಾವುದನ್ನೂ ಹೇಳದೆ ನೀರನ್ನು ಕೊಟ್ಟನು. ಬೆಟ್ಟವನ್ನು ಹತ್ತಿ ಆ ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಳ್ಳುವ ಭಕ್ತರು ಈ ಭಾಗವನ್ನೂ ನೆನೆಯುವುದು ಒಳ್ಳೆಯದು. ತನಗೆ ಆದ ಅಲಕ್ಷ್ಯವನ್ನು ಕುರಿತು ಮೌನ, ಪರರಿಗೆ ಒದಗಿದ ಕಷ್ಟದಲ್ಲಿ ಕ್ರಿಯೆ; ಇವೆರಡೂ ಒಂದೇ ಮರದ ಹಣ್ಣುಗಳು.

ಕಡೆಗೆ ಶಿವಯೋಗಿಗಳು ಕಗ್ಗೆರೆಗೆ ಅನತಿದೂರದಲ್ಲಿರುವ ಎಡೆಯೂರಿನಲ್ಲಿ ನೆಲೆಗೊಂಡರು. ದಾನಿವಾಸದ ಪ್ರಭುವಾದ ಚೆನ್ನವೀರಪ್ಪ ಒಡೆಯನು ಅಲ್ಲಿ ಕಲ್ಲುಮಠವನ್ನು ಕಟ್ಟಿಸಿಕೊಟ್ಟನು. ದೊರೆಗಳ ಆಶ್ರಯವು ದೊರೆತಮೇಲೆ ಪೀಠದ ವೈಭವವು ಬೆಳೆಯುವುದು ಲೋಕರೂಢಿ. ಇವರಾದರೋ ಆ ಕಲ್ಲುಮನೆಯನ್ನು ಮತ್ತೊಂದು ತೋಟವನ್ನಾಗಿ ಮಾಡಿಕೊಂಡು, ಅದರೊಳಗೆ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದರು. ಕಗ್ಗೆರೆಯ ಮೌನಕ್ಕೆ ಹನ್ನೆರಡು ವರ್ಷಗಳ ಎಣಿಕೆಯಿದ್ದಿತು. ಇದಕ್ಕೆ ಎಣಿಕೆಯಿಲ್ಲ.

ಚೈತ್ರಮಾಸದ ರಥೋತ್ಸವದಲ್ಲಿ ಎಡೆಯೂರಿಗೆ ಜನಸಾಗರವೇ ನೆರೆಯುವುದು. ಹರಕೆ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು, ದೂರದ ಸೀಮೆಗಳಿಂದ ಬಂದವರು, ಜಯಘೋಷಗಳು, ವಾದ್ಯಗಳು, ಅಂಗಡಿಬೀದಿಯ ಕೂಗು, ಇವುಗಳಿಂದ ಊರು ತುಂಬಿರುವುದು. ಆ ಗದ್ದಲವನ್ನೆಲ್ಲಾ ದಾಟಿ ಬಾಗಿಲುಗಳನ್ನು ಕಳೆದು ಗದ್ದುಗೆಯ ಮುಂದೆ ನಿಂತವರು, ಹೇಳಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳನ್ನು ಅನೇಕ ವೇಳೆ ಮರೆತು, ಸುಮ್ಮನೆ ಕೈಮುಗಿದು ಮುಂದಕ್ಕೆ ಸಾಗುವರು.